ಪಂಚಮಿಯ ದಿನ ನಾನು ಹೊರಗೆಳೆದ ವೈರು

ನಮ್ಮ ಮನೆಯ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ ಸತ್ತ ಇಲಿ ಕಂಡ ದಿನ ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಮೊಟ್ಟೆ ಕೂಡ ಹೊಸ್ತಿಲು ದಾಟಿ ಒಳಗೆ ಬಾರದ ಮನೆ ನಮ್ಮದು. ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ನಾನು ಒಂದು ಲೋಟ ಕಾಫಿ ಕುಡಿದವಳಲ್ಲ. ಅಂಥ ಮನೆಯ ಫ್ರೀಜರಿನಲ್ಲಿ, ಜಿಪ್ ಇರುವ ಪ್ಲಾಸ್ಟಿಕ್ ಕವರಿನೊಳಗೆ, ಬಾಲ ಮಡಚಿಕೊಂಡು ಮಲಗಿದ ಐದು ಬಿಳಿ ಇಲಿಗಳು.

ಮಗಳು ಮೆಟ್ಟಿಲಿಳಿದು ಓಡಿ ಬಂದಳು. "ಅಮ್ಮಾ, ಅದು ಪಾಪೂದು. ನೀನು ಮುಟ್ಟಬೇಡ, ನಾನೇ ತೆಗೀತೀನಿ" ಅಂದಳು. ನಾನು ಮುಟ್ಟಿಬಿಡುತ್ತೇನೆ ಅನ್ನುವುದೇ ದೊಡ್ಡ ಚಿಂತೆ ಅನ್ನುವ ಹಾಗೆ.

ಪಾಪು ಅಂದರೆ ಹಾವು. ಅದು ನಮ್ಮ ಮನೆಗೆ ಬಂದು ಆಗಿನ್ನೂ ಎರಡು ವಾರವಾಗಿತ್ತು. ಮಗಳಿಗೆ ಇಪ್ಪತ್ತನಾಲ್ಕು ವರ್ಷ. ವಿಜಯನಗರದ ತನಕ ಸ್ಕೂಟರಿನಲ್ಲಿ ಹೋಗಿ, ಅಲ್ಲಿಂದ ಮೆಟ್ರೋ ಹಿಡಿದು ಆಫೀಸಿಗೆ ಹೋಗಿ ಬರುವ ಹುಡುಗಿ, ಯಾರ ಗೋಜಿಗೂ ಹೋಗುವವಳಲ್ಲ, ಎದುರುತ್ತರ ಕೊಡುವವಳಲ್ಲ. ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಯಾರ ಮನೆಯ ಅರಿಸಿನ ಕುಂಕುಮಕ್ಕೆ ಹೋದರೂ ನಾನು ಇವಳ ಗುಣಗಾನ ಮಾಡದೆ ಬಂದದ್ದಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದವಳೊಬ್ಬಳು ಊರು ಬಿಟ್ಟು ಹೋಗುವಾಗ ತಾನು ಸಾಕಿದ್ದ ಹಾವನ್ನು ಇವಳ ಕೈಗೆ ಕೊಟ್ಟಳಂತೆ, ಇವಳು ತಂದಳಂತೆ. ಯಾರೋ ತುಳಸಿ ಸಸಿ ಕೊಟ್ಟರು, ತಂದೆ ಅನ್ನುವಷ್ಟು ಸಲೀಸಾಗಿ ಹೇಳಿದಳು. ಆಫ್ರಿಕಾದ ಜಾತಿ, ವಿಷವಿಲ್ಲ, ಹೆದರಿದರೆ ತಲೆ ಒಳಗಿಟ್ಟುಕೊಂಡು ಉಂಡೆಯಾಗಿ ಕೂರುತ್ತದೆ ಅಂದಳು. ಅರಣ್ಯ ಇಲಾಖೆಗೆ ಬರೆದುಕೊಟ್ಟು ಪಡೆದ ಕಾಗದವನ್ನೂ ತೋರಿಸಿದಳು.

"ಕಾಗದ ಇದ್ರೆ ಹಾವು ಹಾವಲ್ಲದೆ ಹೋಗುತ್ತೇನೇ?" ಅಂದೆ.

ನನ್ನ ಬಾಯಿ ಒಳ್ಳೆಯದಲ್ಲ. ಅದು ನನಗೂ ಗೊತ್ತು, ಮನೆಯವರಿಗೂ ಗೊತ್ತು. ನನ್ನ ಗಂಡನಿಗೆ ತುಮಕೂರಿನಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಆ ಶನಿವಾರ ಅವರ ಮುಂದೆ ಒಂದು ಗಂಟೆ ಕೂಗಾಡಿದೆ. ಅವರು ಮೇಲೆ ಹೋಗಿ ಹಾವನ್ನು ನೋಡಿ ಬಂದು, "ಚೆನ್ನಾಗಿದೆ" ಅಂದರು. ಅಲ್ಲಿಗೆ ನನ್ನ ಪಕ್ಷದಲ್ಲಿ ನಾನೊಬ್ಬಳೇ ಉಳಿದೆ. ಕೊನೆಗೆ ರಾಜಿಯಾಯಿತು. ಹಾವು ಟೆರೇಸಿನ ಪಕ್ಕದ ಅವಳ ರೂಮಿನಿಂದ ಕೆಳಗೆ ಬರಕೂಡದು. ಇಲಿಗೆ ಅವಳ ರೂಮಿನಲ್ಲೇ ಬೇರೆ ಪುಟ್ಟ ಫ್ರಿಜ್. ಹಾವನ್ನಿಟ್ಟ ಪೆಟ್ಟಿಗೆಯನ್ನು ನಾನು ಮುಟ್ಟುವುದಿಲ್ಲ, ಅದರ ಸ್ವಿಚ್ಚನ್ನಂತೂ ಮುಟ್ಟಲೇಬಾರದು. ಈ ಕೊನೆಯ ಷರತ್ತು ಅವಳದು. ಮನೆಯಿಂದ ಹೊರಡುವಾಗ ಎಲ್ಲ ರೂಮಿನ ಸ್ವಿಚ್ಚನ್ನೂ ಪಟಪಟ ಆರಿಸುವ ನನ್ನ ಚಾಳಿ ಅವಳಿಗೆ ಗೊತ್ತು. ಅದಕ್ಕೇ ಆ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿ, ಅದರ ಮೇಲೆ ಕೆಂಪು ಅಕ್ಷರದಲ್ಲಿ "ಅಮ್ಮಾ, ಇದನ್ನ ಆರಿಸಬೇಡ" ಅಂತ ಬರೆದಿದ್ದಳು.

ಒಂದು ಸಂಜೆ ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಅವಳು ಪಕ್ಕದಲ್ಲಿ ಕೂತು ಅದರ ಬಿಸಿಯ ಲೆಕ್ಕಾಚಾರವನ್ನೆಲ್ಲ ವಿವರಿಸಿದಳು. "ಹಾವಿಗೆ ನಮ್ಮ ಥರ ಮೈಯಲ್ಲೇ ಬಿಸಿ ಹುಟ್ಟಲ್ಲಮ್ಮ. ಹೊರಗಿಂದ ತಗೋಬೇಕು. ಅದಕ್ಕೇ ಪೆಟ್ಟಿಗೆ ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಂಪಗೆ ಇಟ್ಟಿರ್ತೀನಿ. ಯಾವಾಗ ಯಾವುದು ಬೇಕೋ ಅದೇ ಹೋಗಿ ಮಲಗುತ್ತೆ. ಬಿಸಿ ಕಮ್ಮಿಯಾದ್ರೆ ತಿಂದಿದ್ದು ಅರಗಲ್ಲ. ಜಾಸ್ತಿಯಾದ್ರೆ ಅಲ್ಲೇ ಸುಟ್ಟುಹೋಗುತ್ತೆ." ಆಮೇಲೆ ಇನ್ನೂ ಏನೇನೋ ಹೇಳಿದಳು. ನಾನು ಹೂಂಗುಟ್ಟುತ್ತಾ ಹುಳುಕು ಕಾಳು ಆರಿಸುತ್ತಿದ್ದೆ. ಒಳಗೊಂದು ಹೀಟರ್ ಇದೆ, ಮೂವತ್ತೆರಡು ಅಂತ ನಂಬರ್ ತೋರಿಸಬೇಕು, ಇಷ್ಟು ನನ್ನ ತಲೆಗೆ ಹೋಯಿತು. ಮಿಕ್ಕಿದ್ದನ್ನೂ ಕೇಳಿಸಿಕೊಂಡಿದ್ದರೆ ಇವತ್ತು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಬಟ್ಟೆ ಒಣಹಾಕಲು ಟೆರೇಸಿಗೆ ಹೋಗುವಾಗ ಅವಳ ರೂಮಿನ ಕಿಟಕಿ ಸಿಗುತ್ತದೆ. ಮೊದಲೆಲ್ಲ ಆ ಕಡೆ ಮುಖ ತಿರುಗಿಸದೆ ಹೋಗುತ್ತಿದ್ದೆ. ಆಮೇಲೆ ಯಾವಾಗಲೋ ಒಂದು ಸಲ ನೋಡಿದೆ. ಮರದ ಪೆಟ್ಟಿಗೆ, ಮುಂದೆ ಗಾಜಿನ ಬಾಗಿಲು, ಒಳಗೆ ಅಡಗಿ ಕೂರಲು ಬೋರಲು ಹಾಕಿದ ಮಣ್ಣಿನ ಕುಂಡ. ಕುಂಡದ ಬಾಯಿಂದ ತಲೆ ಹೊರಗಿಟ್ಟು ಅದು ನನ್ನನ್ನೇ ನೋಡುತ್ತಿತ್ತು. ಕಂದು ಬಣ್ಣ, ಮೈಮೇಲೆ ಹಳದಿ ಮಚ್ಚೆ. ದಿನ ಕಳೆದಂತೆ ಬಕೆಟ್ಟು ಕೆಳಗಿಟ್ಟು ಒಂದು ನಿಮಿಷ ಒಳಗೆ ಹೋಗಿ ನಿಲ್ಲುವುದು ರೂಢಿಯಾಯಿತು. "ಏನಪ್ಪಾ, ಊಟ ಆಯ್ತಾ?" ಅಂತ ಕೇಳುತ್ತಿದ್ದೆ. ಕರೆಂಟು ಹೋದರೆ ಅವಳಿಗೆ ಫೋನು ಮಾಡಿ, "ನಿನ್ನ ಆ ಹಾಳಾದ್ದಕ್ಕೆ ಬಿಸಿ ಇಲ್ಲ, ಏನ್ ಮಾಡ್ಲಿ ಹೇಳು" ಅನ್ನುತ್ತಿದ್ದೆ. ಅವಳು ನಗುತ್ತಿದ್ದಳು. ಅದರ ಮೇಲೆ ನನಗೆ ಮಮತೆ ಬಂದಿತ್ತು ಅನ್ನುವುದನ್ನು ನಾನು ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ. ಒಪ್ಪಿಕೊಂಡರೆ ಇಷ್ಟು ದಿನ ಕೂಗಾಡಿದ್ದಕ್ಕೆ ಬೆಲೆ ಏನು?

ಹೀಗಿರುವಾಗ ಶ್ರಾವಣ ಬಂತು, ನಾಗರ ಪಂಚಮಿ ಬಂತು.

ನಾವು ಮೂಲತಃ ಹಾವೇರಿ ಕಡೆಯವರು. ಬೆಂಗಳೂರಿಗೆ ಬಂದು ಮೂವತ್ತು ವರ್ಷವಾದರೂ ಪಂಚಮಿಯನ್ನು ಊರಿನ ಕ್ರಮದಲ್ಲೇ ಮಾಡುತ್ತೇವೆ. ಮಣೆಯ ಮೇಲೆ ಮಣ್ಣಿನ ನಾಗಪ್ಪನನ್ನಿಟ್ಟು, ಕೊಬ್ಬರಿ ಬಟ್ಟಲಲ್ಲಿ ಹಾಲು ತೆಗೆದುಕೊಂಡು, ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಪಾಲು ಎರೆಯುತ್ತೇವೆ. ದೇವರ ಪಾಲು, ಗುರುವಿನ ಪಾಲು, ಹಿರಿಯರ ಪಾಲು, ಮನೆಯವರ ಪಾಲು, ಮಗಳ ಪಾಲು. ಆ ದಿನ ಈಳಿಗೆ ಮುಟ್ಟುವುದಿಲ್ಲ, ಎಣ್ಣೆ ಕಾಯಿಸುವುದಿಲ್ಲ, ಮುಖ್ಯವಾಗಿ ಒಲೆಯ ಮೇಲೆ ಹೆಂಚಿಡುವುದಿಲ್ಲ. ರೊಟ್ಟಿ, ದೋಸೆ ಏನೂ ಇಲ್ಲ, ಹಬೆಯಲ್ಲಿ ಬೇಯಿಸಿದ ಕಡುಬು, ಹಿಂದಿನ ದಿನವೇ ಕಟ್ಟಿಟ್ಟ ಉಂಡೆ. ಪಂಚಮಿಯ ದಿನ ಹೆಂಚು ಕಾದರೆ ಎಲ್ಲೋ ಒಂದು ಹಾವಿನ ಹೊಟ್ಟೆ ಸುಡುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ಅವರು ಈಗಿಲ್ಲ. ಆದರೆ ಆ ಒಂದು ದಿನ ನನ್ನ ಗ್ಯಾಸ್ ಒಲೆಯ ಮೇಲೆ ಹೆಂಚು ಹತ್ತಿದ್ದಿಲ್ಲ.

ಆವತ್ತು ಬೆಳಿಗ್ಗೆ ಮಗಳು ಅವಸರವಸರವಾಗಿ ಹಾವಿನ ಪೆಟ್ಟಿಗೆ ತೊಳೆದು, ಅದನ್ನು ಒಳಗೆ ಬಿಟ್ಟು, ಒಂದು ಉಂಡೆ ಬಾಯಿಗೆ ಹಾಕಿಕೊಂಡು ಆಫೀಸಿಗೆ ಓಡಿದಳು. ನಾನು ಮಡಿಯಲ್ಲಿ ಹಾಲೆರೆದೆ. ಮಗಳ ಪಾಲಾದ ಮೇಲೆ ಬಟ್ಟಲಲ್ಲಿ ಇನ್ನೂ ಸ್ವಲ್ಪ ಹಾಲು ಉಳಿದಿತ್ತು. ಯಾರೂ ಇರಲಿಲ್ಲವಲ್ಲ, "ಮೇಲಿರುವವನ ಪಾಲು" ಅಂತ ಅದನ್ನೂ ಎರೆದೆ. ಆಗ ನನಗೆ ಹೊಳೆಯಿತು. ಇಲ್ಲಿ ಒಲೆಯ ಮೇಲೆ ಹೆಂಚಿಡಬಾರದು ಅಂತ ಕಡುಬು ಬೇಯಿಸುತ್ತಾ ಕೂತಿದ್ದೇನೆ, ಮೇಲೆ ನಿಜವಾದ ಹಾವಿನ ಹೊಟ್ಟೆಗೇ ಕರೆಂಟಿನ ಬಿಸಿ ಕೊಡುತ್ತಿದ್ದೇವೆ. ಅದೂ ಪಂಚಮಿಯ ದಿನ. ಅತ್ತೆ ಇದ್ದಿದ್ದರೆ ಏನನ್ನುತ್ತಿದ್ದರು?

ಮೇಲೆ ಹೋದೆ. ಸ್ವಿಚ್ಚಿನ ಮೇಲೆ ಅವಳ ಕೆಂಪು ಅಕ್ಷರ. ಆರಿಸಬೇಡ ಅಂದಿದ್ದಾಳೆ, ಆರಿಸುವುದಿಲ್ಲ. ಮಾತಿಗೆ ತಪ್ಪುವವಳಲ್ಲ ನಾನು. ಪೆಟ್ಟಿಗೆಯ ಹಿಂದೆ ಒಂದು ಸಣ್ಣ ತೂತಿತ್ತು. ಗೋಡೆಗೆ ಹಾಕಿದ್ದ ಪುಟ್ಟ ಡಬ್ಬಿಯಿಂದ ಒಂದು ಕರೀ ವೈರು ಹೊರಟು ಆ ತೂತಿನೊಳಗೆ ಹೋಗಿತ್ತು. ಗಾಜಿನಲ್ಲಿ ಇಣುಕಿ ನೋಡಿದೆ. ವೈರಿನ ತುದಿಯಲ್ಲಿ ಹೊಳೆಯುವ ಲೋಹದ ಮೊಳೆಯಂಥದೊಂದು ಇತ್ತು, ಅದನ್ನು ಕುಂಡದ ಪಕ್ಕ ನೆಲಕ್ಕೆ ಟೇಪು ಹಾಕಿ ಅಂಟಿಸಿದ್ದಳು. ನಮ್ಮ ಬಚ್ಚಲಲ್ಲಿ ಬಕೆಟ್ಟಿಗೆ ಇಳಿಬಿಟ್ಟು ನೀರು ಕಾಯಿಸುವ ಕಾಯಿಲ್ ಇದೆ. ವೈರಿನ ತುದಿಯಲ್ಲಿ ಲೋಹ, ಆ ಲೋಹ ಕಾಯುತ್ತದೆ, ನೀರು ಬಿಸಿಯಾಗುತ್ತದೆ. ಇದೂ ಅದೇ, ಇದು ಹಾವಿಗೆ ಮಾಡಿದ ಪುಟಾಣಿ ಕಾಯಿಲ್ ಅಂತ ನನಗೆ ಎಳ್ಳಷ್ಟೂ ಅನುಮಾನವಿಲ್ಲದೆ ಅರ್ಥವಾಯಿತು. ವೈರನ್ನು ಹಿಂದಿನಿಂದ ಮೆಲ್ಲಗೆ ಎಳೆದೆ. ಟೇಪು ಬಿಟ್ಟುಕೊಂಡಿತು, ಲೋಹದ ತುದಿ ತೂತಿನಿಂದ ಹೊರಗೆ ಬಂತು. ಅದನ್ನು ಗೋಡೆಯ ಕಡೆ ಇಳಿಬಿಟ್ಟೆ.

ಡಬ್ಬಿಯ ಮೇಲಿನ ಕೆಂಪು ನಂಬರನ್ನು ನೋಡುತ್ತಾ ನಿಂತೆ. ಮೂವತ್ತೆರಡು ಇದ್ದದ್ದು ಮೂವತ್ತಾಯಿತು. ಇಪ್ಪತ್ತೆಂಟು. ಇಪ್ಪತ್ತೈದು. ಹೊರಗೆ ಜಿಟಿಜಿಟಿ ಮಳೆ, ರೂಮು ತಣ್ಣಗಿತ್ತು. ಇಪ್ಪತ್ಮೂರಕ್ಕೆ ಬಂದು ನಿಂತಿತು. ಎಷ್ಟು ಬೇಗ ಪೆಟ್ಟಿಗೆ ತಂಪಾಯಿತಲ್ಲ ಅಂತ ನನಗೆ ಸಮಾಧಾನವಾಯಿತು. ಸಂಜೆ ಅವಳು ಬರುವ ಮೊದಲು ಮತ್ತೆ ಒಳಗೆ ತಳ್ಳಿದರಾಯಿತು ಅಂದುಕೊಂಡೆ. "ಇವತ್ತೊಂದಿನ ತಣ್ಣಗಿರಪ್ಪ" ಅಂತ ಕೈ ಮುಗಿದು ಕೆಳಗಿಳಿದೆ.

ಮಧ್ಯಾಹ್ನ ಚಂದ್ರಾ ಲೇಔಟಿನಿಂದ ನನ್ನ ಅಣ್ಣ, ಅತ್ತಿಗೆ ಪಂಚಮಿಗೆ ಅಂತ ಬಂದರು. ಊಟ, ಮಾತು, ಅತ್ತಿಗೆಯ ಮಂಡಿನೋವು. ಅವರು ಹೊರಟಾಗ ಆರು ಗಂಟೆ. ಅವರನ್ನು ಗೇಟಿನ ತನಕ ಬಿಟ್ಟು ಬರುವಷ್ಟರಲ್ಲಿ ಮಗಳ ಸ್ಕೂಟರ್ ಬಂತು. ವೈರಿನ ವಿಷಯ ನನಗೆ ಪೂರ್ತಿ ಮರೆತುಹೋಗಿತ್ತು.

ಮೇಲಿನಿಂದ ಒಂದು ಸದ್ದು ಕೇಳಿತು. ಕೂಗಲ್ಲ ಅದು. ಹೊಟ್ಟೆಗೆ ಗುದ್ದಿದರೆ ಬಾಯಿಂದ ಬರುತ್ತದಲ್ಲ, ಅಂಥದ್ದು. ನಾನು ಮೆಟ್ಟಿಲು ಹತ್ತಿ ಹೋದೆ. ತೆರೆದ ಪೆಟ್ಟಿಗೆಯ ಬಿಸಿ ಮುಖಕ್ಕೆ ಬಡಿಯಿತು, ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆ ಮರೆತುಬಿಟ್ಟಾಗ ಬರುವ ವಾಸನೆ. ಅವಳು ಹಾವನ್ನು ಎರಡೂ ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತಿದ್ದಳು. ಅದರ ಹೊಟ್ಟೆ ಮೇಲಾಗಿತ್ತು. ಬೆಳ್ಳಗಿರಬೇಕಾದ ಹೊಟ್ಟೆ ಒಂದು ಗೇಣುದ್ದ ಕೆಂಪಗೆ, ಅಲ್ಲಲ್ಲಿ ಗುಳ್ಳೆ ಎದ್ದು ನೀರು ಜಿನುಗುತ್ತಿತ್ತು. ನಾನು ಒಂದು ಸಲ ನೋಡಿದೆ. ಎರಡನೆಯ ಸಲ ನೋಡಲು ನನ್ನಿಂದಾಗಲಿಲ್ಲ.

"ಸೆನ್ಸರ್ ಹೊರಗೆ ಬಿದ್ದಿದೆಯಮ್ಮ" ಅಂದಳು. "ಹೊರಗಿನ ಚಳಿ ನೋಡ್ಕೊಂಡು ಮ್ಯಾಟ್ ಇಡೀ ದಿನ ಕಾದಿದೆ."

ಆಗ ನನಗೆ ಗೊತ್ತಾಯಿತು. ಬಿಸಿ ಮಾಡುತ್ತಿದ್ದದ್ದು ನಾನು ಎಳೆದ ವೈರಲ್ಲ. ಹೀಟರ್ ಇದ್ದದ್ದು ಪೆಟ್ಟಿಗೆಯ ಕೆಳಗೆ, ಕಣ್ಣಿಗೆ ಕಾಣದ ಹಾಗೆ ಹಾಸಿದ ತೆಳ್ಳನೆಯ ಹಾಳೆಯಲ್ಲಿ. ಆ ಲೋಹದ ತುದಿ ಬರೀ ಬಿಸಿ ಅಳೆಯುವ ಕಣ್ಣು. ಒಳಗೆ ಸಾಕಷ್ಟು ಕಾಯಿತು, ಇನ್ನು ನಿಲ್ಲಿಸು ಅಂತ ಹೇಳಬೇಕಾದದ್ದು ಅದು. ನಾನು ಅದನ್ನು ಹೊರಗೆ ತಣ್ಣನೆ ಗೋಡೆಗೆ ನೇತುಹಾಕಿ ಹೋಗಿದ್ದೆ. ಇನ್ನೂ ತಣ್ಣಗಿದೆ, ಇನ್ನೂ ತಣ್ಣಗಿದೆ ಅಂತ ಅದು ದಿನವಿಡೀ ಹೇಳಿತು, ಕೆಳಗಿನ ಹಾಳೆ ದಿನವಿಡೀ ಕಾಯಿತು. ಹೆಂಚು ಇಡಬಾರದು ಅಂತ ಹೋದವಳು ನಾನು ಹಾವನ್ನು ಹೆಂಚಿನ ಮೇಲೆ ಇಟ್ಟು ಬಂದಿದ್ದೆ.

ಹೇಳಬೇಕಿತ್ತು. ಆ ಕ್ಷಣದಲ್ಲೇ ಹೇಳಬೇಕಿತ್ತು, ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳೇ, "ಬೆಳಿಗ್ಗೆ ಅವಸರದಲ್ಲಿ ಟೇಪ್ ಸರಿಯಾಗಿ ಒತ್ತಿಲ್ಲ ನಾನು. ವೈರ್ ಭಾರಕ್ಕೆ ಜಾರಿ ಹೊರಗೆ ಬಂದಿದೆ. ನಾನೇ ಮಾಡಿದ್ದು ಇದು" ಅಂದಳು.

ನಾನು ಬಾಯಿ ಮುಚ್ಚಿಕೊಂಡೆ. ಊರಿಗೆಲ್ಲ ಬುದ್ಧಿ ಹೇಳುವ ನನ್ನ ಬಾಯಿ, ಯಾರ ಮುಲಾಜೂ ಇಲ್ಲದ ನನ್ನ ಬಾಯಿ, ಬೇಕಾದ ಹೊತ್ತಿನಲ್ಲಿ ಹೊಲಿದುಕೊಂಡು ಕೂತಿತು. ಮೊದಲು ಡಾಕ್ಟರ ಹತ್ತಿರ ಹೋಗೋಣ, ಆಮೇಲೆ ಹೇಳಿದರಾಯಿತು ಅಂತ ನನಗೆ ನಾನೇ ಹೇಳಿಕೊಂಡೆ.

ದಿಂಬಿನ ಕವರಿನೊಳಗೆ ಹಾವನ್ನು ಬಿಟ್ಟು, ಅದನ್ನು ರಟ್ಟಿನ ಡಬ್ಬದಲ್ಲಿಟ್ಟು, ಆ ಡಬ್ಬವನ್ನು ನಾನು ತೊಡೆಯ ಮೇಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂತೆ. ರಾಜಾಜಿನಗರದ ಆಚೆ ಇಂಥ ಪ್ರಾಣಿಗಳನ್ನು ನೋಡುವ ಒಬ್ಬ ಡಾಕ್ಟರ್ ಇದ್ದಾರೆ, ಇನ್ನೂ ಚಿಕ್ಕ ವಯಸ್ಸು. ಅವರು ಹಾವನ್ನು ದೀಪದ ಕೆಳಗೆ ತಿರುಗಿಸಿ ನೋಡಿದರು. ನಾನು ಗೋಡೆಯ ಮೇಲಿನ ನಾಯಿಮರಿ ಕ್ಯಾಲೆಂಡರನ್ನು ನೋಡುತ್ತಿದ್ದೆ.

"ಅಷ್ಟು ಸುಡ್ತಾ ಇದ್ರೆ ಎದ್ದು ಆ ಕಡೆಗೆ ಹೋಗಬಾರದಿತ್ತಾ ಸಾರ್ ಅದು?" ಅಂತ ಕೇಳಿದೆ. ತಪ್ಪಿನಲ್ಲಿ ಹಾವಿಗೂ ಒಂದು ಪಾಲು ಹಂಚಲು ನೋಡಿದೆ ಅಂತ ಈಗ ಅನ್ನಿಸುತ್ತದೆ.

"ಹೋಗಲ್ಲ ಆಂಟಿ. ಕೆಳಗಿಂದ ಬರೋ ಬಿಸಿ ಸುಡ್ತಾ ಇದೆ ಅಂತ ಇವಕ್ಕೆ ಬೇಗ ಗೊತ್ತಾಗಲ್ಲ. ಬೆಚ್ಚಗಿದೆ ಅಂತ ನಂಬಿ ಅಲ್ಲೇ ಮಲಗಿಬಿಡುತ್ತವೆ" ಅಂದರು. ಆಮೇಲೆ ಮಗಳ ಕಡೆ ತಿರುಗಿ, "ಒಂದು ತಿಂಗಳು ಕಷ್ಟಪಡಬೇಕು. ನಂಜು ಏರಿದ್ರೆ ಉಳಿಯಲ್ಲ. ಈಗಲೇ ಏನೂ ಹೇಳಕ್ಕಾಗಲ್ಲ. ಸೆನ್ಸರ್ ಯಾಕೆ ಚೆಕ್ ಮಾಡಲಿಲ್ಲ ನೀವು?" ಅಂದರು.

"ನನ್ನ ತಪ್ಪು ಸಾರ್" ಅಂದಳು ನನ್ನ ಮಗಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಅಲ್ಲಿಂದ ಶುರುವಾದ ದಿನಗಳನ್ನು ನೆನೆಸಿಕೊಂಡರೆ ನನಗೆ ಈಗಲೂ ನನ್ನ ಮೇಲೆ ಅಸಹ್ಯವಾಗುತ್ತದೆ. ದಿನಾ ಬೆಳಿಗ್ಗೆ ಅವಳು ಔಷಧಿ ನೀರಿನಲ್ಲಿ ಹಾವಿನ ಹೊಟ್ಟೆ ತೊಳೆದು, ಮನುಷ್ಯರ ಸುಟ್ಟಗಾಯಕ್ಕೆ ಹಚ್ಚುವ ಬಿಳಿ ಮುಲಾಮನ್ನೇ ಹಚ್ಚುತ್ತಿದ್ದಳು. ಹೊಸದಾಗಿ ತಂದ ಎರಡು ಸೆನ್ಸರ್ ಹಾಕಿದಳು, ಅವೆರಡನ್ನೂ ನಂಬದೆ ಮೂರನೆಯದೊಂದು ಥರ್ಮಾಮೀಟರ್ ಇಟ್ಟಳು. ಆಫೀಸಿನಿಂದ ಬಂದವಳು ಚಪ್ಪಲಿ ಬಿಡದೆ ಮೇಲೆ ಓಡುತ್ತಿದ್ದಳು. ಊಟಕ್ಕೆ ಕೂತವಳು ನಡುವೆ ಎದ್ದು ಹೋಗಿ ನಂಬರ್ ನೋಡಿ ಬರುತ್ತಿದ್ದಳು. ಗೆಳತಿಯ ಮದುವೆಗೆ ಹೋಗಲಿಲ್ಲ. ಗ್ಯಾಸ್ ಆರಿಸಿದೆನಾ, ಗೇಟು ಹಾಕಿದೆನಾ, ಗಾಡಿ ಕೀ ತೆಗೆದೆನಾ ಅಂತ ಎಲ್ಲವನ್ನೂ ಎರಡೆರಡು ಸಲ ನೋಡತೊಡಗಿದಳು. ತನ್ನ ಕೈಯ ಮೇಲೆ ಅವಳಿಗೆ ನಂಬಿಕೆಯೇ ಹೋಗಿತ್ತು.

ಒಂದು ಸಂಜೆ ತಟ್ಟೆಯ ಮುಂದೆ ಕೂತು ಅಳುವುದಕ್ಕೆ ಶುರುಮಾಡಿದಳು. "ಒಂದು ಟೇಪ್ ನೆಟ್ಟಗೆ ಅಂಟಿಸಕ್ಕೆ ಬರಲ್ಲ ನನಗೆ" ಅಂದಳು. ನಾನು ಪಕ್ಕದಲ್ಲಿ ಕೂತು ಅನ್ನಕ್ಕೆ ಸಾರು ಕಲಸಿ ತುತ್ತು ಮಾಡಿ ತಿನ್ನಿಸಿದೆ, ಚಿಕ್ಕ ಮಗುವಿಗೆ ತಿನ್ನಿಸಿದ ಹಾಗೆ. "ಆಗೋದೆಲ್ಲ ಆಗುತ್ತೆ ಕಣೇ, ಮನಸ್ಸಿಗೆ ಹಚ್ಕೋಬೇಡ" ಅಂದೆ. ಎಂಥ ದೊಡ್ಡ ಮನಸ್ಸು ನೋಡಿ ನನ್ನದು. ಅವಳು ನನ್ನ ಭುಜಕ್ಕೆ ತಲೆಯಿಟ್ಟು, "ನೀನೊಬ್ಬಳು ಬೈತಿಲ್ಲ ನನ್ನ" ಅಂದಳು. ತುತ್ತು ನನ್ನ ಕೈಯಲ್ಲೇ ಉಳಿಯಿತು.

ಯಾಕೆ ಹೇಳಲಿಲ್ಲ ಅಂತ ನೀವು ಕೇಳಬಹುದು. ಮೊದಲ ದಿನ ಹೇಳುವುದು ಸುಲಭವಿತ್ತು. ಎರಡನೆಯ ದಿನ, ನಿನ್ನೆ ಯಾಕೆ ಹೇಳಲಿಲ್ಲ ಅನ್ನುವುದಕ್ಕೂ ಉತ್ತರ ಕೊಡಬೇಕಾಗಿತ್ತು. ಹತ್ತನೆಯ ದಿನಕ್ಕೆ, ವೈರು ಎಳೆದದ್ದಕ್ಕಿಂತ ಸುಮ್ಮನಿದ್ದದ್ದೇ ದೊಡ್ಡ ಪಾಪವಾಗಿ ಬೆಳೆದಿತ್ತು. ಗಂಡನಿಗೂ ಹೇಳಲಿಲ್ಲ. ಪೂಜೆಗೆ ಕೂತಾಗ ಅಂಗೈಯ ಮೇಲಿನ ಲಿಂಗವನ್ನು ದೃಷ್ಟಿಯಿಟ್ಟು ನೋಡಲಾಗದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಹದಿನೆಂಟನೆಯ ದಿನ, ಒಂದು ಭಾನುವಾರ, ಗಂಡ ಆ ವಾರ ತುಮಕೂರಿನಲ್ಲೇ ಉಳಿದಿದ್ದಾಗ, ಕೆಂಗೇರಿಯಿಂದ ಒಬ್ಬಳು ಹುಡುಗಿ ಬಂದಳು. ಮಗಳ ವಯಸ್ಸೇ ಇರಬೇಕು. ಕೈಯಲ್ಲಿ ಗಾಳಿಗೆ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬ. ನಡುಮನೆಯಲ್ಲಿ ಕೂರಿಸಿ ಕಾಫಿ ತಂದು ಕೊಟ್ಟೆ. ಮಗಳ ಗೆಳತಿ, ಹಾವನ್ನು ನೋಡಿಹೋಗಲು ಬಂದಿದ್ದಾಳೆ ಅಂದುಕೊಂಡಿದ್ದೆ. ಆ ಹುಡುಗಿ ಕಾಫಿ ಹೀರುತ್ತಾ, "ನಮ್ಮನೇಲಿ ಈ ಜಾತಿಯವೇ ಮೂರಿವೆ ಆಂಟಿ. ಚೆನ್ನಾಗಿ ನೋಡ್ಕೋತೀನಿ, ನೀವೇನೂ ಯೋಚನೆ ಮಾಡಬೇಡಿ" ಅಂದಳು.

ನಾನು ಮಗಳ ಮುಖ ನೋಡಿದೆ. "ಕೊಟ್ಟುಬಿಡ್ತಾ ಇದೀನಮ್ಮ" ಅಂದಳು. "ಗಾಯ ವಾಸಿಯಾಗ್ತಾ ಇದೆ, ಉಳಿಯುತ್ತೆ ಅಂದ್ರು ಡಾಕ್ಟ್ರು. ಆದ್ರೆ ನನ್ನ ಹತ್ರ ಇರೋದು ಬೇಡ. ನಾನು ಲಾಯಕ್ಕಿಲ್ಲ. ಇನ್ನೊಂದ್ಸಲ ಏನಾದ್ರೂ ಮಾಡಿಬಿಡ್ತೀನಿ." ಅತ್ತು ಹೇಳಲಿಲ್ಲ. ಎಲ್ಲ ತೀರ್ಮಾನ ಮಾಡಿ ಮುಗಿದ ಮೇಲೆ ಮಾತಾಡುವ ಹಾಗೆ ಹೇಳಿದಳು.

ಕಾಫಿ ತಟ್ಟೆ ನನ್ನ ಕೈಯಲ್ಲಿತ್ತು. ಅದನ್ನು ಟೀಪಾಯಿಯ ಮೇಲಿಟ್ಟೆ. "ವೈರು ಜಾರಿರಲಿಲ್ಲ" ಅಂದೆ. "ನಾನು ಎಳೆದೆ."

ಇಬ್ಬರೂ ನನ್ನನ್ನೇ ನೋಡಿದರು. ಪಂಚಮಿ, ಹೆಂಚು, ಬಚ್ಚಲಿನ ಕಾಯಿಲ್, ಇಳಿಯುತ್ತಿದ್ದ ನಂಬರು, ಎಲ್ಲವನ್ನೂ ಹೇಳಿದೆ. ನಿಂತೇ ಹೇಳಿದೆ. ಹೇಳುವಾಗ ಅದು ಎಷ್ಟು ಪೆದ್ದು ಅಂತ ನನ್ನ ಕಿವಿಗೇ ಕೇಳಿಸುತ್ತಿತ್ತು. ಕೆಂಗೇರಿಯ ಹುಡುಗಿ ತಲೆ ತಗ್ಗಿಸಿ ಲೋಟದೊಳಗೆ ನೋಡುತ್ತಿದ್ದಳು. ಮಗಳು ಆ ಹುಡುಗಿಗೆ, "ಸಾರಿ, ನೀವು ಹೋಗಿರಿ. ನಾನು ಫೋನ್ ಮಾಡ್ತೀನಿ" ಅಂದಳು. ಆ ಹುಡುಗಿ ಖಾಲಿ ಡಬ್ಬ ಎತ್ತಿಕೊಂಡು ಸದ್ದಿಲ್ಲದೆ ಹೋದಳು.

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ನನಗೆ ತಡೆದುಕೊಳ್ಳಲು ಬರುತ್ತಿತ್ತು, ಬೈಗುಳದಲ್ಲೇ ಬದುಕಿದವಳು ನಾನು. ಅವಳು ಮೆಲ್ಲಗೆ ಮಾತಾಡಿದಳು.

"ವೈರ್ ಎಳೆದಿದ್ದು ಬಿಡು. ನಿನಗೆ ಗೊತ್ತಿರಲಿಲ್ಲ, ಒಳ್ಳೇದಕ್ಕೇ ಅಂತ ಎಳೆದೆ. ಆದ್ರೆ ಆವತ್ತು ನಾನು ಅಳ್ತಾ ಇದ್ನಲ್ಲ, ಅನ್ನ ಕಲಸಿ ತಿನ್ನಿಸಿದೆಯಲ್ಲ, ಆಗ ಗೊತ್ತಿತ್ತಲ್ಲಮ್ಮ ನಿನಗೆ."

"ಗೊತ್ತಿತ್ತು" ಅಂದೆ.

ಅವಳು ಎದ್ದು ಮೇಲೆ ಹೋದಳು. ಆ ದಿನ ಊಟಕ್ಕೆ ಇಳಿಯಲಿಲ್ಲ. ಸೋಮವಾರ, ಮಂಗಳವಾರ, ಬುಧವಾರ ನನ್ನೊಂದಿಗೆ ಮಾತಿಲ್ಲ. ಬಡಿಸಿದ್ದನ್ನು ತಿನ್ನುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು, ಹೋಗುತ್ತಿದ್ದಳು. ನನ್ನ ಮನೆಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಇರುವ ಹುಡುಗಿ ಪೇಯಿಂಗ್ ಗೆಸ್ಟ್ ಆಗಿಬಿಟ್ಟಿದ್ದಳು. ಕ್ಷಮಿಸು ಅಂತ ಎರಡು ಸಲ ಹೇಳಿದೆ. ಎರಡು ಸಲವೂ ತಲೆಯಾಡಿಸಿದಳು, ಅಷ್ಟೇ. ಆದರೆ ಹಾವು ಎಲ್ಲಿಗೂ ಹೋಗಲಿಲ್ಲ. ಕೆಂಗೇರಿಗೆ ಫೋನು ಮಾಡಿದಳೋ ಏನೋ, ಕೇಳಲು ನನಗೆ ಮುಖವಿರಲಿಲ್ಲ.

ಗುರುವಾರ ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಮೇಲಿನಿಂದ ಅವಳ ಧ್ವನಿ ಬಂತು. "ಅಮ್ಮಾ, ಕೈ ತೊಳ್ಕೊಂಡು ಮೇಲೆ ಬಾ."

ಒಲೆ ಆರಿಸಿ ಹೋದೆ. ಅವಳು ನೆಲದ ಮೇಲೆ ಟವೆಲ್ ಹಾಸಿ ಕೂತಿದ್ದಳು. ಹಾವು ಟವೆಲಿನ ಮೇಲಿತ್ತು, ಪಕ್ಕದಲ್ಲಿ ಹತ್ತಿ, ಮುಲಾಮು. "ಕೂತ್ಕೋ. ಇಲ್ಲಿ ಹಿಡ್ಕೋ. ಒತ್ತಬೇಡ" ಅಂದಳು. ನಾನು ಬದುಕಿನಲ್ಲಿ ಹಾವನ್ನು ಮುಟ್ಟಿದವಳಲ್ಲ. ಅವಳೇ ನನ್ನ ಕೈ ಹಿಡಿದು ಅದರ ಕೆಳಗೆ ಇಟ್ಟಳು. ಒಣ ಮೈ, ತಣ್ಣಗಿತ್ತು. ಭಾರವಿತ್ತು. ನಾನು ಕಿಟಕಿಯ ಆಚೆ ಬಟ್ಟೆಯ ಹಗ್ಗ ನೋಡುತ್ತಾ ಕೂತೆ.

"ಆ ಕಡೆ ನೋಡಬೇಡ. ಇಲ್ಲಿ ನೋಡು" ಅಂದಳು.

ನೋಡಿದೆ. ಪಂಚಮಿಯ ಸಂಜೆ ಒಂದು ಸಲ ನೋಡಿ ಮುಖ ತಿರುಗಿಸಿದ್ದನ್ನು ಈಗ ಪೂರ್ತಿ ನೋಡಿದೆ. ಒಂದು ಗೇಣುದ್ದಕ್ಕೆ ಹುರುಪೆ ಉದುರಿಹೋಗಿತ್ತು. ನಡುವೆ ಕಂದು ಹಕ್ಕಳೆ ಕಟ್ಟಿತ್ತು, ಅಂಚಿನಲ್ಲಿ ಹಸಿ ಗುಲಾಬಿ ಚರ್ಮ. ಒಂದು ಕಡೆ ಇನ್ನೂ ಕೆಂಪಗಿತ್ತು. ಅವಳು ಹತ್ತಿಯನ್ನು ಅದರ ಮೇಲೆ ಇಟ್ಟಾಗ ಹಾವಿನ ಮೈ ನನ್ನ ಅಂಗೈಯೊಳಗೆ ಬಿಗಿಯಿತು. ನೋವಾದದ್ದು ನನಗೆ ಕೈಯಲ್ಲೇ ತಿಳಿಯಿತು. ದಿನಾ ಬೆಳಿಗ್ಗೆ ಒಬ್ಬಳೇ ಕೂತು ಇದನ್ನು ಮಾಡುತ್ತಿದ್ದಳು ನನ್ನ ಮಗಳು, ನಾನು ಕೆಳಗೆ ಒಗ್ಗರಣೆ ಹಾಕುತ್ತಿದ್ದೆ.

ಹಾವಿನ ತಲೆ ಮೆಲ್ಲಗೆ ಎದ್ದಿತು. ನಾಲಿಗೆ ಹೊರಗೆ ಹಾಕಿ ನನ್ನ ಬೆರಳುಗಳನ್ನು ಮುಟ್ಟಿ ನೋಡಿತು. ಕಚ್ಚುತ್ತದೆ, ಕಚ್ಚಲಿ ಅಂದುಕೊಂಡೆ. ನಿಜವಾಗಿಯೂ ಹಾಗೆ ಅಂದುಕೊಂಡೆ. ಅದು ಕಚ್ಚಲಿಲ್ಲ. ನನ್ನ ಬಳೆಗಳ ಮೇಲೆ ಹರಿದು, ಮಣಿಕಟ್ಟಿಗೆ ಒಂದು ಸುತ್ತು ಹಾಕಿ, ತಲೆಯನ್ನು ನನ್ನ ರವಿಕೆಯ ತೋಳಿನೊಳಗೆ ತೂರಿಸಿ ಸುಮ್ಮನಾಯಿತು.

"ಏನ್ ಮಾಡ್ತಾ ಇದೆ ಕಣೇ ಇದು?" ಅಂತ ಕೇಳಿದೆ.

ಅವಳು ತಲೆಯೆತ್ತಲಿಲ್ಲ, ಬೆರಳಿನಲ್ಲಿ ಮುಲಾಮು ಹಚ್ಚುತ್ತಿದ್ದಳು. "ನಿನ್ನ ಮೈ ಬೆಚ್ಚಗಿದೆ. ಬಿಸಿ ತಗೋತಾ ಇದೆ" ಅಂದಳು.

ಅವಳು ಹಚ್ಚಿ ಮುಗಿಸಿದಳು, ಹತ್ತಿಯನ್ನು ಕಸದ ಬುಟ್ಟಿಗೆ ಹಾಕಿದಳು, ಕೈ ತೊಳೆದು ಬಂದು ಮತ್ತೆ ಎದುರಿಗೆ ಕೂತಳು. ಮುಲಾಮು ಒಣಗುವ ತನಕ ನಾನು ಕೈ ಅಲ್ಲಾಡಿಸದೆ ಕೂತಿದ್ದೆ.